ಕಾವೇರಿಯ ಮೀನು ಯಾವ ಮಡುವಿನದು? ಮೂಲ ಪತ್ತೆಗೆ ಡಿಎನ್‌ಎ ವಿಧಾನವನ್ನು ಆರಿಸುವ ಬಗೆ

ತಿರುಮಕೂಡಲು ನರಸೀಪುರದಲ್ಲಿ ಕಪಿಲೆಯು ಕಾವೇರಿಯನ್ನು ಕೂಡುವ ಸಂಗಮದಿಂದ ಸ್ವಲ್ಪ ಕೆಳಗೆ ಬಲೆಗೆ ಬಿದ್ದ ಮೀನನ್ನು ತೋರಿಸಿ ‘ಇದು ಯಾವ ಹೊಳೆಯದು?’ ಎಂದು ಕೇಳಿದರೆ, ಹರಿಗೋಲು ಹಾಕುವವರು ಅದರ ಬಣ್ಣ, ಹುರುಪೆ, ಮೈಕಟ್ಟು ನೋಡಿ ಒಂದು ಉತ್ತರ ಕೊಡುತ್ತಾರೆ. ಆ ಉತ್ತರವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹೊಳೆಯಲ್ಲೇ ಬೆಳೆದವರ ಕಣ್ಣು ಬಹಳ ಸೂಕ್ಷ್ಮವಾದದ್ದು. ಆದರೆ ಒಂದು ಮಡುವನ್ನು ಸಂರಕ್ಷಿಸಬೇಕೆಂದು ವಾದಿಸುವಾಗ, ಜಲಾಶಯಕ್ಕೆ ಎಲ್ಲಿಯ ಮರಿಗಳನ್ನು ಬಿಡಬೇಕೆಂದು ತೀರ್ಮಾನಿಸುವಾಗ, ಅಥವಾ ಅಕ್ರಮವಾಗಿ ಹಿಡಿದ ಮೀನು ಅಭಯಾರಣ್ಯದ ಒಳಗಿನದೋ ಹೊರಗಿನದೋ ಎಂಬ ಪ್ರಶ್ನೆ ಎದ್ದಾಗ ಕಣ್ಣಂದಾಜಿನ ಜೊತೆಗೆ ಇನ್ನೊಂದು ಸಾಕ್ಷಿ ಬೇಕಾಗುತ್ತದೆ. ಮೈಸೂರು ಮತ್ತು ಮಂಡ್ಯದ ಕಾಲೇಜು ವಿಭಾಗಗಳು, ನಿಸರ್ಗಾಸಕ್ತರ ಗುಂಪುಗಳು ಹಾಗೂ ಮೀನುಗಾರರ ಸಹಕಾರ ಸಂಘಗಳು ಈಗ ಡಿಎನ್‌ಎ ಪರೀಕ್ಷೆಯ ಕಡೆಗೆ ನೋಡುತ್ತಿರುವುದು ಇದೇ ಕಾರಣಕ್ಕೆ. ಅವರು ಮೊದಲು ಕೇಳುವುದು ‘ಯಾವ ಪರೀಕ್ಷೆ ಉತ್ತಮ?’ ಎಂದು. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ನಮಗೆ ನಿಜವಾಗಿ ತಿಳಿಯಬೇಕಾಗಿರುವುದು ಏನು?

ಏಕೆಂದರೆ ‘ಈ ಮೀನು ಎಲ್ಲಿಯದು’ ಎಂಬ ಒಂದೇ ಮಾತಿನೊಳಗೆ ನಾಲ್ಕು ಬೇರೆ ಬೇರೆ ಪ್ರಶ್ನೆಗಳು ಅಡಗಿವೆ. ಇದು ಯಾವ ಪ್ರಭೇದ ಎಂಬುದು ಒಂದು. ಅದೇ ಪ್ರಭೇದದ ಯಾವ ಗುಂಪಿಗೆ, ಅಂದರೆ ಪರಸ್ಪರ ಕೂಡಿ ಮರಿ ಮಾಡುವ ಯಾವ ಊರಿನ ಮೀನುಗಳಿಗೆ ಸೇರಿದ್ದು ಎಂಬುದು ಎರಡನೆಯದು. ಹೊಳೆಯಲ್ಲಿ ಹುಟ್ಟಿದ್ದೋ, ಮರಿ ಉತ್ಪಾದನಾ ಕೇಂದ್ರದಿಂದ ಬಂದದ್ದೋ ಎಂಬುದು ಮೂರನೆಯದು. ಇದರಲ್ಲಿ ಎರಡು ಕುಲಗಳ ಬೆರಕೆ ಇದೆಯೇ ಎಂಬುದು ನಾಲ್ಕನೆಯದು. ಒಂದಕ್ಕೆ ಚೆನ್ನಾಗಿ ಉತ್ತರಿಸುವ ವಿಧಾನವು ಇನ್ನೊಂದರ ಮುಂದೆ ಮೂಕವಾಗಬಹುದು. ಅದಕ್ಕಿಂತ ಕೆಟ್ಟದ್ದೆಂದರೆ, ತಪ್ಪು ಉತ್ತರವನ್ನು ಧೈರ್ಯವಾಗಿ ಹೇಳಿಬಿಡಬಹುದು.

ತಾಯಿಯ ಕಡೆಯ ಸಾಕ್ಷಿ: ಮೈಟೊಕಾಂಡ್ರಿಯಾದ ಡಿಎನ್‌ಎ

ಅತ್ಯಂತ ಸುಲಭವಾದ, ಸಣ್ಣ ಪ್ರಯೋಗಾಲಯಕ್ಕೂ ನಿಲುಕುವ ವಿಧಾನ ಇದು. ಮೈಟೊಕಾಂಡ್ರಿಯಾ ಎಂದರೆ ಜೀವಕೋಶದೊಳಗೆ ಶಕ್ತಿ ಒದಗಿಸುವ ಸಣ್ಣ ಅಂಗ; ಕೋಶದ ಕೇಂದ್ರದಲ್ಲಿರುವ ಡಿಎನ್‌ಎಯಲ್ಲದೆ ಅದರಲ್ಲಿಯೂ ಸ್ವಲ್ಪ ಡಿಎನ್‌ಎ ಇರುತ್ತದೆ. ಮೀನಿನಲ್ಲಿ ಅದು ಸುಮಾರು 16,500 ಅಕ್ಷರಗಳಷ್ಟು (ಡಿಎನ್‌ಎ ಸರಪಳಿಯ ಒಂದೊಂದು ಘಟಕವನ್ನು ಅಕ್ಷರ ಎನ್ನುತ್ತಾರೆ) ಉದ್ದದ ಒಂದು ಬಳೆ. ಅದರಲ್ಲಿ ಸಿಒಐ ಎಂಬ ವಂಶವಾಹಿಯ ಸುಮಾರು 650 ಅಕ್ಷರಗಳ ತುಂಡನ್ನು ಓದಿ ಪ್ರಭೇದವನ್ನು ಗುರುತಿಸುವ ಪದ್ಧತಿಗೆ ಡಿಎನ್‌ಎ ಬಾರ್‌ಕೋಡಿಂಗ್ ಎಂದು ಹೆಸರು. ಈ ಡಿಎನ್‌ಎಯ ಪ್ರತಿಗಳು ಒಂದೊಂದು ಜೀವಕೋಶದಲ್ಲಿಯೂ ಬಹಳ ಇರುವುದರಿಂದ ಹಳೆಯ ಒಣ ಹುರುಪೆಯಿಂದಲೂ, ಸ್ವಲ್ಪ ಕೆಟ್ಟ ಮಾಂಸದಿಂದಲೂ ಫಲಿತಾಂಶ ದೊರೆಯುವ ಸಾಧ್ಯತೆ ಹೆಚ್ಚು.

ಇದರ ಬೆಲೆ ಏನೆಂಬುದನ್ನು ನಮ್ಮ ಹೊಳೆಯ ಮಹಶೀರ್ ಮೀನಿನ ಕಥೆಯೇ ಹೇಳುತ್ತದೆ. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಗಾಳ ಹಾಕಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಆ ದಾಖಲೆ ಲೋಕದ ಗಾಳಗಾರರಿಗೆಲ್ಲ ಗೊತ್ತು. ಹೀಗೆ ಹೆಸರುವಾಸಿಯಾದ ಡುಬ್ಬದ ಮಹಶೀರ್‌ಗೆ ಸರಿಯಾದ ವೈಜ್ಞಾನಿಕ ಹೆಸರೇ ಬಹುಕಾಲ ಇರಲಿಲ್ಲ. ‘ಟಾರ್ ಮುಸ್ಸುಲ್ಲಾ’ ಎಂಬ ಹೊಂದದ ಹೆಸರಿನಿಂದ ಅದನ್ನು ಕರೆಯುತ್ತಿದ್ದರು. ಕೇರಳದ ಪಾಂಬಾರ್ ಹೊಳೆಯಿಂದ, ಅದೂ ಕಾವೇರಿ ಜಲಾನಯನಕ್ಕೇ ಸೇರಿದ್ದು, ‘ಟಾರ್ ರೆಮಾದೇವಿ’ ಎಂಬ ಹೆಸರಿನಲ್ಲಿ ವಿವರಿಸಲಾಗಿದ್ದ ಮೀನೂ ನಮ್ಮ ಡುಬ್ಬದ ಮಹಶೀರೂ ಒಂದೇ ಎಂದು 2018ರಲ್ಲಿ ಪ್ರಕಟವಾದ ಅಧ್ಯಯನವು ದೇಹರಚನೆ ಮತ್ತು ಡಿಎನ್‌ಎ ಎರಡನ್ನೂ ಇಟ್ಟು ತೋರಿಸಿತು. ಹೆಸರು ಖಚಿತವಾದ ಮೇಲೆಯೇ ಅದು ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ‘ತೀವ್ರ ಅಳಿವಿನಂಚಿನಲ್ಲಿರುವ’ ವರ್ಗಕ್ಕೆ ಸೇರಿದ್ದು. ಹೆಸರಿಲ್ಲದ ಜೀವಿಯನ್ನು ಉಳಿಸಿ ಎಂದು ಕೇಳುವುದು ಎಷ್ಟು ಕಷ್ಟ ಎಂಬುದನ್ನು ನೆನೆದರೆ, ಬಾರ್‌ಕೋಡಿನಂಥ ಸರಳ ಪರೀಕ್ಷೆಯ ಮೇಲೆ ನನಗೆ ಗೌರವ ಹೆಚ್ಚುತ್ತದೆ.

ಆದರೂ ಮಿತಿಯನ್ನು ಹೇಳಲೇಬೇಕು. ಮೈಟೊಕಾಂಡ್ರಿಯಾ ಬರುವುದು ತಾಯಿಯಿಂದ ಮಾತ್ರ. 1970ರ ದಶಕದಿಂದೀಚೆಗೆ ಮಹಾರಾಷ್ಟ್ರದ ಲೋಣಾವಳಾದಲ್ಲಿ ಬೆಳೆಸಿದ ನೀಲಿ ಈಜುರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ತಂದು ಬಿಡಲಾಯಿತು. 1998ರಿಂದ 2012ರವರೆಗಿನ ಗಾಳಗಾರರ ದಾಖಲೆಗಳಲ್ಲಿ ಈ ಹೊರಗಿನ ಮೀನೇ ಹೆಚ್ಚಾಗಿ, ಡುಬ್ಬದ ಮಹಶೀರ್ ವಿರಳವಾಗುತ್ತ ಬಂದುದು ಕಾಣುತ್ತದೆ. ಇವೆರಡೂ ಎಲ್ಲಿಯಾದರೂ ಕೂಡಿ ಬೆರಕೆಯ ಮರಿ ಹುಟ್ಟಿದ್ದರೆ, ತಾಯಿ ಡುಬ್ಬದ ಮಹಶೀರ್ ಆಗಿರುವಲ್ಲಿ ಬಾರ್‌ಕೋಡ್ ಅದನ್ನು ಅಪ್ಪಟ ಸ್ಥಳೀಯ ಮೀನೆಂದೇ ಹೇಳುತ್ತದೆ. ತಂದೆಯ ಸುದ್ದಿಯನ್ನೇ ಎತ್ತುವುದಿಲ್ಲ. ಆದ್ದರಿಂದ ಮರಿ ಉತ್ಪಾದನೆಗೆ ತಾಯಿ ತಂದೆ ಮೀನುಗಳನ್ನು ಆರಿಸುವವರು ಕೇವಲ ಬಾರ್‌ಕೋಡನ್ನು ನಂಬಿ ಹೊರಡಬಾರದು ಎಂದು ನಾನು ಒತ್ತಿ ಹೇಳುತ್ತೇನೆ. ಕನಿಷ್ಠ ಕೆಲವು ಜೀವಕೋಶ ಕೇಂದ್ರದ ವಂಶವಾಹಿ ಗುರುತುಗಳನ್ನಾದರೂ ಜೊತೆಯಲ್ಲಿ ಓದಬೇಕು.

ಮೈಕ್ರೊಸ್ಯಾಟಲೈಟೋ, ಸ್ನಿಪ್ಪೋ?

ಒಂದೇ ಪ್ರಭೇದದೊಳಗೆ ಈ ಮಡುವಿನ ಮೀನು, ಆ ಮಡುವಿನ ಮೀನು ಎಂದು ಬೇರ್ಪಡಿಸಬೇಕಾದಾಗ ನಿಜವಾದ ಆಯ್ಕೆ ಇರುವುದು ಇವೆರಡರ ನಡುವೆ. ತಾಯಿ ತಂದೆ ಇಬ್ಬರಿಂದಲೂ ಬರುವ ಕೇಂದ್ರದ ಡಿಎನ್‌ಎಯನ್ನೇ ಎರಡೂ ಓದುತ್ತವೆ, ಆದರೆ ಓದುವ ರೀತಿ ಬೇರೆ.

ಮೈಕ್ರೊಸ್ಯಾಟಲೈಟ್ ಎಂದರೆ ಎರಡು, ಮೂರು ಅಥವಾ ನಾಲ್ಕು ಅಕ್ಷರಗಳು ಜಪದಂತೆ ಮತ್ತೆ ಮತ್ತೆ ಬರುವ ತಾಣ. ಒಂದು ಮೀನಿನಲ್ಲಿ ಅದು ಹನ್ನೆರಡು ಸಲ, ಇನ್ನೊಂದರಲ್ಲಿ ಹದಿನೇಳು ಸಲ ಬರಬಹುದು. ಆ ಉದ್ದವನ್ನು ಅಳೆಯುತ್ತಾರೆ. ಒಂದೊಂದು ತಾಣದಲ್ಲಿಯೂ ಹತ್ತಾರು ರೂಪಗಳಿರುವುದರಿಂದ ಹತ್ತು ಹದಿನೈದು ತಾಣಗಳೇ ಸಾಕಷ್ಟು ಮಾಹಿತಿ ಕೊಡುತ್ತವೆ. ಇದರ ಶಕ್ತಿಗೆ ನನಗೆ ಇಷ್ಟವಾದ ನಿದರ್ಶನ ಫಿನ್ಲೆಂಡಿನದು. ಸೈಮಾ ಸರೋವರದ ಮೀನು ಹಿಡಿಯುವ ಸ್ಪರ್ಧೆಯೊಂದರಲ್ಲಿ ಒಬ್ಬರು ಐದೂವರೆ ಕಿಲೋದ ಸಾಲ್ಮನ್ ತಂದು ತೋರಿಸಿದರು. ಸಂಶಯಗೊಂಡ ಸಂಘಟಕರು ಪರೀಕ್ಷೆಗೆ ಕಳುಹಿಸಿದಾಗ, ಅದು ಆ ಸರೋವರದ್ದಾಗಿರುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ ಎಂದು ಏಳು ಮೈಕ್ರೊಸ್ಯಾಟಲೈಟ್ ತಾಣಗಳು ತೋರಿಸಿದವು. ಆ ಮೇಲೆ ಸ್ಪರ್ಧಿಯು ಮೀನನ್ನು ಅಂಗಡಿಯಲ್ಲಿ ಕೊಂಡದ್ದಾಗಿ ಒಪ್ಪಿಕೊಂಡರು. 2000ದಲ್ಲಿ ಪ್ರಕಟವಾದ ಈ ಪ್ರಸಂಗದಲ್ಲಿ ಗಮನಿಸಬೇಕಾದದ್ದು ಯಂತ್ರದ ಸಾಮರ್ಥ್ಯಕ್ಕಿಂತ ಹೆಚ್ಚಾಗಿ, ಸೈಮಾದ ಮೀನುಗಳ ಮಾದರಿಗಳು ಹೋಲಿಕೆಗೆ ದೊರೆತವು ಎಂಬುದನ್ನು.

ಮೈಕ್ರೊಸ್ಯಾಟಲೈಟಿನ ತೊಡಕು ಪ್ರಯೋಗಾಲಯ ಬದಲಾದಾಗ ಗೊತ್ತಾಗುತ್ತದೆ. ಒಂದು ಕಡೆ 182 ಅಕ್ಷರ ಉದ್ದ ಎಂದು ಅಳೆದ ತುಂಡು ಇನ್ನೊಂದು ಕಡೆಯ ಯಂತ್ರದಲ್ಲಿ 184 ಎಂದು ಬರಬಹುದು. ಉತ್ತರ ಅಮೆರಿಕದ ಶಾಂತಸಾಗರ ತೀರದ ಚಿನೂಕ್ ಸಾಲ್ಮನ್‌ಗಾಗಿ ಹಲವು ಪ್ರಯೋಗಾಲಯಗಳು 13 ತಾಣಗಳನ್ನು ಒಪ್ಪಿಕೊಂಡು, ಅಳತೆಗಳನ್ನು ಒಂದಕ್ಕೊಂದು ಹೊಂದಿಸಿಕೊಂಡು ಸಾಮಾನ್ಯ ಸಂಗ್ರಹವನ್ನು ಕಟ್ಟಬೇಕಾಯಿತು. ಇಂದು ಮೈಸೂರಿನಲ್ಲಿ ಅಳೆದದ್ದನ್ನು ಹತ್ತು ವರ್ಷದ ಮೇಲೆ ಬೇರೊಬ್ಬರು ಬೇರೊಂದು ಊರಿನಲ್ಲಿ ಮುಂದುವರಿಸಬೇಕಾದರೆ ಈ ಹೊಂದಾಣಿಕೆಯ ಶ್ರಮ ನಮಗೂ ತಪ್ಪುವುದಿಲ್ಲ.

ಸ್ನಿಪ್ ಎಂದರೆ ಡಿಎನ್‌ಎಯ ಒಂದೇ ಅಕ್ಷರದಲ್ಲಿರುವ ವ್ಯತ್ಯಾಸ: ಒಂದು ಮೀನಿನಲ್ಲಿ ‘ಎ’ ಇರುವ ಕಡೆ ಇನ್ನೊಂದರಲ್ಲಿ ‘ಜಿ’. ಸಾಮಾನ್ಯವಾಗಿ ಎರಡೇ ರೂಪಗಳಿರುವುದರಿಂದ ಒಂದು ತಾಣದಿಂದ ದೊರೆಯುವ ಮಾಹಿತಿ ಕಡಿಮೆ, ಆದ್ದರಿಂದ ನೂರಾರು ತಾಣಗಳು ಬೇಕು. ಆದರೆ ಅಕ್ಷರ ಎಲ್ಲಿ ಓದಿದರೂ ಅದೇ ಅಕ್ಷರ. ಉದ್ದ ಅಳೆಯುವ ಗೊಂದಲವಿಲ್ಲ. ಮೊದಲು ಸಾವಿರಾರು ತಾಣಗಳನ್ನು ಹುಡುಕಿ, ಅವುಗಳಲ್ಲಿ ಗುಂಪುಗಳನ್ನು ಚೆನ್ನಾಗಿ ಬೇರ್ಪಡಿಸುವ ನೂರೋ ಇನ್ನೂರೋ ತಾಣಗಳನ್ನು ಆರಿಸಿ ಒಂದು ಪರೀಕ್ಷಾ ಫಲಕ ಮಾಡಿಕೊಂಡರೆ ಮುಂದಿನ ಕೆಲಸ ವೇಗವಾಗಿ ಸಾಗುತ್ತದೆ. ಯುರೋಪಿನಲ್ಲಿ ಕಾಡ್, ಹೇಕ್, ಹೆರಿಂಗ್, ಸೋಲ್ ಎಂಬ ನಾಲ್ಕು ಕಡಲ ಮೀನುಗಳ ಮೂಲವನ್ನು ಅಕ್ರಮ ಮೀನುಗಾರಿಕೆಯ ತನಿಖೆಗೆಂದು ಪತ್ತೆಮಾಡಲು ಆರಿಸಿಕೊಂಡದ್ದು ಇದೇ ದಾರಿಯನ್ನು, ಮತ್ತು 2012ರಲ್ಲಿ ಪ್ರಕಟವಾದ ಅದರ ಫಲಿತಾಂಶ ಉತ್ತಮವಾಗಿತ್ತು.

ಇಲ್ಲಿ ಮಹಶೀರ್‌ನ ಕುರಿತಾದ ಒಂದು ಎಚ್ಚರಿಕೆಯನ್ನು ಬಿಡುವಂತಿಲ್ಲ. ರೋಹು ಮೀನಿನ ವರ್ಣತಂತುಗಳು 50, ಮಹಶೀರ್‌ನವು 100. ಬಹು ಹಿಂದಿನ ಕಾಲದಲ್ಲಿ ಅದರ ಇಡೀ ಜೀನೋಮ್, ಅಂದರೆ ಒಟ್ಟು ಡಿಎನ್‌ಎ, ಇಮ್ಮಡಿಯಾದದ್ದರ ಗುರುತು ಇದು. ಹಾಗಾಗಿ ಒಂದೇ ರೀತಿ ಕಾಣುವ ಎರಡು ತಾಣಗಳು ಜೀನೋಮಿನ ಎರಡು ಕಡೆ ಕುಳಿತಿರುತ್ತವೆ. ಅವೆರಡನ್ನೂ ಒಂದೆಂದು ಎಣಿಸಿದರೆ ಇಲ್ಲದ ವ್ಯತ್ಯಾಸ ಇದ್ದಂತೆ ತೋರುತ್ತದೆ. ಒಂದು ಸ್ನಿಪ್‌ನಲ್ಲಿ ಹೆಚ್ಚು ಕಡಿಮೆ ಎಲ್ಲ ಮೀನುಗಳೂ ಎರಡೂ ರೂಪಗಳನ್ನು ಹೊತ್ತಿರುವಂತೆ ಕಂಡರೆ ಅದನ್ನು ಅನುಮಾನಿಸಿ ಬದಿಗಿಡಬೇಕು. ಈ ಶೋಧನೆಯನ್ನು ಮಾಡಬಲ್ಲವರು ಜೊತೆಯಲ್ಲಿಲ್ಲದಿದ್ದರೆ ಮಹಶೀರ್‌ನ ಸ್ನಿಪ್ ಕೆಲಸಕ್ಕೆ ಕೈಹಾಕದಿರುವುದು ಮೇಲು. ರೋಹು, ಕಾಟ್ಲಾ, ಮೃಗಾಲ್‌ಗಳಲ್ಲಿ ಈ ತೊಂದರೆ ಇಲ್ಲ.

ನನ್ನ ತೀರ್ಮಾನ ಹೀಗಿದೆ: ಹೊಸದಾಗಿ ಆರಂಭಿಸುವವರು ಸ್ನಿಪ್ ಆರಿಸಿಕೊಳ್ಳಲಿ. ಅದೇ ಪ್ರಭೇದದ ಮೇಲೆ ಈಗಾಗಲೇ ಮೈಕ್ರೊಸ್ಯಾಟಲೈಟ್ ಸಂಗ್ರಹ ಇದ್ದು, ಅದಕ್ಕೆ ನಮ್ಮ ಮೀನುಗಳನ್ನು ಸೇರಿಸುವುದಷ್ಟೇ ಉದ್ದೇಶವಾಗಿದ್ದರೆ ಮಾತ್ರ ಹಳೆಯ ದಾರಿಯನ್ನು ಹಿಡಿಯಲಿ. ಇಡೀ ಜೀನೋಮನ್ನೇ ಓದುವ ವಿಧಾನ ಇನ್ನೂ ಹೆಚ್ಚಿನದನ್ನು ಹೇಳಬಲ್ಲದು, ಆದರೆ ಅದರ ವಿಶ್ಲೇಷಣೆಯ ಹೊರೆ ಸಣ್ಣ ತಂಡಕ್ಕೆ ತಕ್ಕದ್ದಲ್ಲ.

ಅಣೆಕಟ್ಟೆಯ ವಯಸ್ಸು ಮತ್ತು ಜಲಪಾತದ ವಯಸ್ಸು

ಯಾವ ಗುರುತನ್ನು ಆರಿಸಿದರೂ, ಗುಂಪುಗಳು ಒಂದನ್ನೊಂದು ಅಗಲಿ ಎಷ್ಟು ಕಾಲವಾಯಿತು ಎಂಬುದೇ ಕೊನೆಗೆ ನಿರ್ಣಾಯಕ. ನಮ್ಮ ಭಾಗದಲ್ಲಿ ಎರಡು ಬಗೆಯ ತಡೆಗಳಿವೆ. ಶಿವನಸಮುದ್ರದ ಜಲಪಾತವನ್ನು ನಿಸರ್ಗವೇ ಇಟ್ಟದ್ದು. ಮನುಷ್ಯರ ಲೆಕ್ಕಕ್ಕೆ ಸಿಗದಷ್ಟು ಹಳೆಯದು. ಮೇಲಿನ ಮೀನು ಪ್ರವಾಹದಲ್ಲಿ ಕೆಳಗೆ ಬೀಳಬಹುದು, ಕೆಳಗಿನದು ಮೇಲಕ್ಕೆ ಏರಲಾರದು. ಹಾಗಾಗಿ ಮೇಲಿನ ಗುಂಪಿನ ಗುರುತುಗಳು ಕೆಳಗೆ ಸಿಗಬಹುದು, ಕೆಳಗಿನವು ಮೇಲೆ ಸಿಗುವುದು ಅಪರೂಪ. ಇಂಥ ಹಳೆಯ ಅಗಲಿಕೆಯನ್ನು ಮೈಟೊಕಾಂಡ್ರಿಯಾ ಕೂಡ ತೋರಿಸಬಲ್ಲದು.

ಕೃಷ್ಣರಾಜಸಾಗರದ ಸ್ಥಿತಿ ಬೇರೆ. 1911ರಲ್ಲಿ ಆರಂಭವಾದ ಆ ಕಟ್ಟಡ 1930ರ ದಶಕದ ಆರಂಭದಲ್ಲಿ ಮುಗಿಯಿತು. ಒಂದು ಮೀನು ಸರಾಸರಿ ಐದು ವರ್ಷಕ್ಕೊಂದು ತಲೆಮಾರು ಎಂದಿಟ್ಟುಕೊಂಡರೆ, ತೊಂಬತ್ತು ಚಿಲ್ಲರೆ ವರ್ಷಗಳೆಂದರೆ ಇಪ್ಪತ್ತರ ಹತ್ತಿರದ ತಲೆಮಾರುಗಳು. ಕಟ್ಟೆಯ ಒಂದು ಬದಿಯಲ್ಲಿ ಮರಿ ಮಾಡುವ ಮೀನುಗಳ ಪರಿಣಾಮಕಾರಿ ಸಂಖ್ಯೆ, ಅಂದರೆ ಮುಂದಿನ ತಲೆಮಾರಿಗೆ ನಿಜವಾಗಿ ಪಾಲು ಕೊಡುವ ಮೀನುಗಳ ಲೆಕ್ಕ, 500 ಇದ್ದರೆ, ಇಪ್ಪತ್ತು ತಲೆಮಾರುಗಳಲ್ಲಿ ಆಕಸ್ಮಿಕವಾಗಿ ಬೆಳೆಯುವ ಅಂತರ, ತಳಿವಿಜ್ಞಾನಿಗಳು ಎಫ್‌ಎಸ್‌ಟಿ ಎಂದು ಕರೆಯುವ ಅಳತೆಯಲ್ಲಿ (ಸೊನ್ನೆ ಎಂದರೆ ಅಂತರವೇ ಇಲ್ಲ, ಒಂದು ಎಂದರೆ ಪೂರ್ತಿ ಬೇರೆ), ಸುಮಾರು 0.02 ಮಾತ್ರ. ಅದೇ ಸಂಖ್ಯೆ 50ಕ್ಕೆ ಇಳಿದಿದ್ದರೆ ಅಂತರ 0.18ರಷ್ಟಾಗುತ್ತದೆ. ಇದು ಕೇವಲ ಲೆಕ್ಕದ ಉದಾಹರಣೆ, ಇಲ್ಲಿ ಅಳೆದು ತಂದದ್ದಲ್ಲ. ಆದರೆ ಆಯ್ಕೆಗೆ ಇದರಿಂದ ದಾರಿ ಸಿಗುತ್ತದೆ. ಮೊದಲ ಸ್ಥಿತಿಯಲ್ಲಿ ಹತ್ತು ಮೈಕ್ರೊಸ್ಯಾಟಲೈಟ್‌ಗಳಿಂದ ಒಂಟಿ ಮೀನಿನ ಊರು ಹೇಳುವುದು ಕಷ್ಟ, ನೂರಾರು ಸ್ನಿಪ್‌ಗಳು ಬೇಕೇ ಬೇಕು. ಎರಡನೆಯ ಸ್ಥಿತಿಯಲ್ಲಿ ಯಾವುದಾದರೂ ಸಾಕು, ಆದರೆ ಅಷ್ಟು ಸುಲಭವಾಗಿ ಉತ್ತರ ಸಿಕ್ಕಿತೆಂಬುದೇ ಆ ಗುಂಪು ಸಣ್ಣದಾಗಿ ಹೋಗಿದೆ ಎಂಬ ದುಃಖದ ಸುದ್ದಿ. ಮೈಟೊಕಾಂಡ್ರಿಯಾದಲ್ಲಿ ಆಕಸ್ಮಿಕ ಬದಲಾವಣೆ ಇನ್ನೂ ಬೇಗ ನಡೆಯುತ್ತದಾದರೂ, ಅದೆಲ್ಲವೂ ಒಂದೇ ಕಟ್ಟಾಗಿ ತಾಯಿಯಿಂದ ಬರುವುದರಿಂದ ಸೇರಿ ಒಂದೇ ಸಾಕ್ಷಿ. ಒಬ್ಬನ ಹೇಳಿಕೆಯ ಮೇಲೆ ತೀರ್ಪು ಕೊಟ್ಟಂತೆ ಆಗುತ್ತದೆ.

ಗುಂಪುಗಳು ಬೇರೆಯಾಗಿಯೇ ಇಲ್ಲದಿದ್ದರೆ ಯಾವ ತಳಿ ಪರೀಕ್ಷೆಯೂ ಊರನ್ನು ಹೇಳಲಾರದು. ಯುರೋಪಿನ ಹಾವುಮೀನುಗಳೆಲ್ಲ ಅಟ್ಲಾಂಟಿಕ್ ಸಾಗರದ ಒಂದೇ ಕಡೆ ಹೋಗಿ ಕೂಡುವುದರಿಂದ ಅವು ಯಾವ ನದಿಯಲ್ಲಿ ಬೆಳೆದವು ಎಂಬುದು ಅವುಗಳ ಡಿಎನ್‌ಎಯಲ್ಲಿ ಬರೆದಿರುವುದಿಲ್ಲ.

ಬಿತ್ತಿದ ಮೀನೋ, ಹೊಳೆಯ ಮೀನೋ?

ರೋಹು, ಕಾಟ್ಲಾ, ಮೃಗಾಲ್‌ಗಳು ಗಂಗೆಯ ಬಯಲಿನ ಕಡೆಯವು. ನಮ್ಮ ಕೆರೆ ಮತ್ತು ಜಲಾಶಯಗಳಿಗೆ ಬಿತ್ತನೆಯ ಮೂಲಕ ಬಂದವು. ಸಂಘದವರಿಗೆ ಇಲ್ಲಿ ಬೇಕಾದ ಪ್ರಶ್ನೆ ಬೇರೆ: ಈ ವರ್ಷ ಸಿಕ್ಕ ರೋಹುಗಳಲ್ಲಿ ನಾವು ಬಿಟ್ಟ ಮರಿಗಳು ಎಷ್ಟು? ಗುಂಪಿನ ಅಂತರವನ್ನು ನೋಡುವುದಕ್ಕಿಂತ ಇದಕ್ಕೆ ಹೆತ್ತವರನ್ನು ಹುಡುಕುವ ವಿಧಾನವೇ ಲೇಸು. ಮರಿಕೇಂದ್ರದಲ್ಲಿ ಬಳಸಿದ ಪ್ರತಿಯೊಂದು ಗಂಡು ಹೆಣ್ಣು ಮೀನಿನ ಈಜುರೆಕ್ಕೆಯ ಚೂರನ್ನು ತೆಗೆದು ಸುಮಾರು ನೂರು ಸ್ನಿಪ್‌ಗಳನ್ನು ಓದಿಟ್ಟರೆ, ಅವುಗಳ ಲಕ್ಷಾಂತರ ಮಕ್ಕಳಿಗೂ ಹುಟ್ಟಿನಿಂದಲೇ ಗುರುತಿನ ಚೀಟಿ ಬಂದಂತೆ. ಅಮೆರಿಕದ ಸ್ನೇಕ್ ನದಿಯ ಸಾಲ್ಮನ್ ಮರಿಕೇಂದ್ರಗಳಲ್ಲಿ ಇದು ದಿನನಿತ್ಯದ ಪದ್ಧತಿಯಾಗಿದೆ. ಮರಿಯೊಂದೊಂದಕ್ಕೂ ತಗಡಿನ ಗುರುತು ಹಾಕುವ ಶ್ರಮ ಉಳಿಯುತ್ತದೆ. ಆದರೆ ಹೆತ್ತ ಮೀನುಗಳ ಪೈಕಿ ಕೆಲವನ್ನು ಓದದೆ ಬಿಟ್ಟರೆ ಅವುಗಳ ಸಂತತಿಯೆಲ್ಲ ‘ಹೊಳೆಯಲ್ಲಿ ಹುಟ್ಟಿದ್ದು’ ಎಂಬ ಲೆಕ್ಕಕ್ಕೆ ಸೇರಿಹೋಗುತ್ತದೆ.

ನೀರನ್ನಷ್ಟೇ ಸೋಸಿ ಅದರಲ್ಲಿ ತೇಲುವ ಡಿಎನ್‌ಎಯನ್ನು ಓದುವ ವಿಧಾನವೂ ಈಗ ಪ್ರಚಾರದಲ್ಲಿದೆ. ಮುತ್ತತ್ತಿಯಂಥ ಆಳ ಮಡುಗಳಲ್ಲಿ ಬಲೆ ಹಾಕದೆ ಯಾವ ಪ್ರಭೇದಗಳಿವೆ ಎಂದು ತಿಳಿಯಲು ಅದು ನಿಜವಾಗಿ ಉಪಕಾರಿ. ಒಂದೊಂದು ಮೀನಿನ ಊರು ಕೇಳಲು ಅಲ್ಲ. ಹರಿಯುವ ನೀರು ಮೇಲಿನ ಊರಿನ ಡಿಎನ್‌ಎಯನ್ನೂ ಹೊತ್ತು ತರುತ್ತದೆ. ಹೊಳೆದಂಡೆಯಲ್ಲಿ ಮೀನು ಕೊಯ್ದು ತೊಳೆಯುವ ಜಾಗದ ಕೆಳಗೆ ತೆಗೆದ ನೀರಿನಲ್ಲಿ ಕಡಲ ಮೀನೂ ಕಾಣಿಸಿಕೊಳ್ಳಬಹುದು. ಕಿವಿಗಲ್ಲಿನ ರಸಾಯನಶಾಸ್ತ್ರ ಇನ್ನೊಂದು ದಾರಿ: ಮೀನಿನ ಕಿವಿಯ ಕಲ್ಲಿನಲ್ಲಿ ಪದರ ಪದರವಾಗಿ ಸೇರುವ ಸ್ಟ್ರಾನ್ಷಿಯಂ, ಅದು ಬೆಳೆದ ನೀರಿನ ಗುರುತನ್ನು ಉಳಿಸಿಕೊಳ್ಳುತ್ತದೆ. ಅದು ಹೇಳುವುದು ಆ ಮೀನಿನ ಜೀವನವನ್ನು, ವಂಶವನ್ನಲ್ಲ. ಮೇಲಾಗಿ ಮೀನನ್ನು ಕೊಲ್ಲಬೇಕಾಗುತ್ತದೆ. ಡುಬ್ಬದ ಮಹಶೀರ್‌ಗೆ ಅದನ್ನು ಬಳಸುವ ಮಾತೇ ಬೇಡ.

ಎಲ್ಲಕ್ಕಿಂತ ಮೊದಲು ಬೇಕಾದ ಆಧಾರ ಸಂಗ್ರಹ

ಮೂಲ ಪತ್ತೆಯ ಲೆಕ್ಕ ನಡೆಯುವುದು ಹೋಲಿಕೆಯಿಂದ. ಬಲಮುರಿ, ತಲಕಾಡು, ಮುತ್ತತ್ತಿಯ ಮೀನುಗಳ ಮಾದರಿ ಮಾತ್ರ ಕೈಯಲ್ಲಿದ್ದು, ಪರೀಕ್ಷೆಗೆ ಬಂದ ಮೀನು ಹೆಗ್ಗಡದೇವನಕೋಟೆಯ ಕಡೆಯ ಕಬಿನಿಯದಾಗಿದ್ದರೆ, ತಂತ್ರಾಂಶವು ‘ಗೊತ್ತಿಲ್ಲ’ ಎನ್ನುವುದಿಲ್ಲ. ಆ ಮೂರರಲ್ಲಿ ಹೆಚ್ಚು ಹೋಲುವ ಒಂದನ್ನು ಹೆಸರಿಸುತ್ತದೆ. ಆದ್ದರಿಂದ ‘ಯಾವುದಕ್ಕೆ ಹತ್ತಿರ’ ಎಂಬುದರ ಜೊತೆಗೆ ‘ಈ ಯಾವುದಕ್ಕೂ ಸೇರದಿರಬಹುದೇ’ ಎಂಬ ಪರೀಕ್ಷೆಯನ್ನೂ ಕಡ್ಡಾಯವಾಗಿ ಮಾಡಿಸಬೇಕು. ಸೈಮಾದ ಪ್ರಸಂಗದಲ್ಲಿ ನಿರ್ಣಾಯಕವಾದದ್ದು ಈ ಎರಡನೆಯ ಪ್ರಶ್ನೆಯೇ. ನಿಮ್ಮ ಕೈಯಲ್ಲಿರುವ ಹಣ ಯಂತ್ರಕ್ಕೋ ಸಂಗ್ರಹಕ್ಕೋ ಎಂಬ ಪ್ರಶ್ನೆ ಬಂದರೆ ನಾನು ಯೋಚಿಸದೆ ಸಂಗ್ರಹಕ್ಕೆ ಎನ್ನುತ್ತೇನೆ. ಓದುವ ಕೆಲಸವನ್ನು ಹಣ ಕೊಟ್ಟು ಹೊರಗೆ ಮಾಡಿಸಬಹುದು, ಬತ್ತಿದ ಮಡುವಿನ ಮೀನನ್ನು ಮತ್ತೆ ತರಲಾಗುವುದಿಲ್ಲ.

ಒಂದೊಂದು ಜಾಗದಿಂದ ಮೂವತ್ತರಿಂದ ಐವತ್ತು ಮೀನುಗಳು ಸಾಮಾನ್ಯವಾಗಿ ಒಪ್ಪಿತವಾದ ಗುರಿ. ಅಪರೂಪದ ಮೀನಿನಲ್ಲಿ ಇಷ್ಟು ಸಿಗದಿದ್ದರೆ ಕಡಿಮೆ ಮೀನುಗಳನ್ನೇ ಹೆಚ್ಚು ಸ್ನಿಪ್‌ಗಳಿಂದ ಓದುವುದು ಸರಿದೂಗಿಸುವ ದಾರಿ. ಒಂದೇ ಬಲೆಯಲ್ಲಿ ಸಿಕ್ಕ ಮರಿಗಳನ್ನೆಲ್ಲ ತೆಗೆದುಕೊಳ್ಳಬೇಡಿ; ಅವು ಒಡಹುಟ್ಟಿದವಾಗಿದ್ದರೆ ಒಂದು ಸಂಸಾರವನ್ನೇ ಊರೆಂದು ತಿಳಿದಂತಾಗುತ್ತದೆ. ಬೇರೆ ಬೇರೆ ವರ್ಷಗಳಲ್ಲಿ, ಬೇರೆ ಬೇರೆ ಗಾತ್ರದ ಮೀನುಗಳಿಂದ ತೆಗೆಯಿರಿ. ಪರೀಕ್ಷಾ ಫಲಕಕ್ಕೆ ಸ್ನಿಪ್‌ಗಳನ್ನು ಆರಿಸಲು ಬಳಸಿದ ಮೀನುಗಳ ಮೇಲೆಯೇ ಅದರ ನಿಖರತೆಯನ್ನು ಅಳೆಯಬೇಡಿ. ಪ್ರಶ್ನೆಪತ್ರಿಕೆಯನ್ನು ಮೊದಲೇ ಕೊಟ್ಟು ಅಂಕ ಹಾಕಿದಂತೆ ಅದು.

ಅನುಮತಿಗಳನ್ನು ಮುಂಚಿತವಾಗಿ ಪಡೆಯಬೇಕು. ರಂಗನತಿಟ್ಟು ಮತ್ತು ಕಾವೇರಿ ವನ್ಯಜೀವಿಧಾಮಗಳ ಒಳಗೆ ಒಂದು ಹುರುಪೆ ತೆಗೆಯುವುದಕ್ಕೂ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಮಾದರಿಯನ್ನು ವಿದೇಶದ ಪ್ರಯೋಗಾಲಯಕ್ಕೆ ಕಳುಹಿಸುವುದಾದರೆ 2002ರ ಜೀವವೈವಿಧ್ಯ ಕಾಯ್ದೆಯಡಿ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಮೂಲಕ ಹೋಗಬೇಕು. ದೇಶದೊಳಗೆ ಸಲಹೆ ಬೇಕಾದವರು 1983ರಲ್ಲಿ ಸ್ಥಾಪನೆಯಾದ ಲಖನೌದ ರಾಷ್ಟ್ರೀಯ ಮೀನು ತಳಿ ಸಂಪನ್ಮೂಲ ಸಂಸ್ಥೆಯನ್ನು ಕೇಳಬಹುದು. ಕೊಚ್ಚಿಯಲ್ಲಿಯೂ ಅದರ ಕೇಂದ್ರವಿದೆ.

ಮೀನನ್ನು ಕೊಲ್ಲುವ ಅಗತ್ಯವಿಲ್ಲ. ಒದ್ದೆ ಬಟ್ಟೆಯ ಮೇಲೆ ಮಲಗಿಸಿ, ಬಾಲದ ಈಜುರೆಕ್ಕೆಯ ಅಂಚಿನಿಂದ ಉಗುರಿನಷ್ಟು ಚೂರನ್ನು ಕತ್ತರಿಸಿ, ನೀರಿಗೆ ಬಿಟ್ಟರಾಯಿತು. ಚೂರನ್ನು 95 ಶೇಕಡಾ ಎಥನಾಲ್‌ನಲ್ಲಿ ಇಡಬೇಕು, ಎಥನಾಲ್ ಚೂರಿನ ಹಲವು ಪಟ್ಟು ಇರಬೇಕು. ಫಾರ್ಮಲಿನ್ ಬೇಡ. ನಾನೇ ಒಮ್ಮೆ ಒಂದು ಇಡೀ ಬೇಸಿಗೆಯ ಮಾದರಿಗಳನ್ನು ಹಳೆಯ ರೂಢಿಯಂತೆ ಫಾರ್ಮಲಿನ್‌ನಲ್ಲಿಟ್ಟು ಕಳೆದುಕೊಂಡಿದ್ದೇನೆ. ಮೀನುಗಳು ನೋಡಲು ಹಾಗೆಯೇ ಉಳಿದವು, ಅವುಗಳ ಡಿಎನ್‌ಎ ಓದಲು ಬಾರದಷ್ಟು ಚೂರಾಗಿತ್ತು. ಕತ್ತರಿಯನ್ನು ಒಂದು ಮೀನಿನಿಂದ ಇನ್ನೊಂದಕ್ಕೆ ಹೋಗುವ ಮೊದಲು ಒರೆಸಿ ಜ್ವಾಲೆಗೆ ಹಿಡಿಯಿರಿ. ಜಾಗ, ದಿನಾಂಕ, ಉದ್ದ, ಹಿಡಿದವರು ಹೇಳಿದ ಮೀನಿನ ಹೆಸರು, ಇಷ್ಟನ್ನೂ ಸೀಸದ ಕಡ್ಡಿಯಲ್ಲಿ ಕಾಗದದ ಚೂರಿನ ಮೇಲೆ ಬರೆದು ಶೀಸೆಯ ಒಳಗೇ ಹಾಕಿ, ಏಕೆಂದರೆ ಹೊರಗಿನ ಶಾಯಿ ಎಥನಾಲ್ ತಗುಲಿದರೆ ಅಳಿಸಿಹೋಗುತ್ತದೆ. ಚೂರನ್ನು ಎರಡು ಮಾಡಿ, ಅರ್ಧವನ್ನು ಮಾತ್ರ ಪರೀಕ್ಷೆಗೆ ಕಳುಹಿಸಿ. ಉಳಿದರ್ಧ ಊರಿನಲ್ಲೇ, ತಣ್ಣಗಿನ ಪೆಟ್ಟಿಗೆಯಲ್ಲಿ, ಮುಂದೆ ಬೇರೊಂದು ಪ್ರಶ್ನೆ ಕೇಳುವವರಿಗಾಗಿ ಇರಲಿ.